ಕೇಳಿ ಹೊಡೆಯಬೇಕಾದ ಮೊಳೆ

ಆ ಮನೆಯಲ್ಲಿ ಒಂದು ಮೊಳೆ ಹೊಡೆಯಬೇಕಾದರೂ ಮಾವನನ್ನು ಕೇಳಬೇಕಿತ್ತು. ಕ್ಯಾಲೆಂಡರ್ ನೇತುಹಾಕುವ ಮೊಳೆಯಿರಲಿ, ಸೊಳ್ಳೆಪರದೆಯ ದಾರ ಕಟ್ಟುವ ಮೊಳೆಯಿರಲಿ, ಮಾವ ಬಂದು ಗೋಡೆಯನ್ನು ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ತಟ್ಟಿ ನೋಡಿ, "ಇಲ್ಲಿ ಬೇಡ, ಗಾರೆ ಉದುರುತ್ತೆ" ಅನ್ನುತ್ತಿದ್ದರು. ಅಲ್ಲಿಗೆ ಆ ಮೊಳೆಯ ಕಥೆ ಮುಗಿದಂತೆ. ಹಾಗಾಗಿ ಅಳಿಯನ ಅಂಗಿಗಳೆಲ್ಲ ಬಾಗಿಲ ಹಿಂದಿನ ಒಂದೇ ಕೊಕ್ಕೆಗೆ ಒಂದರ ಮೇಲೊಂದು ಜೋತುಬಿದ್ದಿದ್ದವು. ಅಡಿಯಲ್ಲಿರುವ ಅಂಗಿ ಬೇಕೆಂದರೆ ಮೇಲಿನದೆಲ್ಲ ನೆಲಕ್ಕೆ.

ಅಳಿಯ ಸೆಂಟ್ರಿಂಗ್ ಕೆಲಸದವನು. ಕಟ್ಟಡಕ್ಕೆ ತಾರಸಿ ಹಾಕುವ ಮುಂಚೆ ಕಂಬ ನಿಲ್ಲಿಸಿ, ಕಂಬದ ಬುಡಕ್ಕೆ ಬೆಣೆ ಕೊಟ್ಟು, ಮೇಲೆ ಹಲಗೆ ಹಾಸಿ ಕಾಂಕ್ರೀಟಿಗೆ ಹಾಸಿಗೆ ಮಾಡಿಕೊಡುವವನು. ಕಾಂಕ್ರೀಟು ಗಟ್ಟಿಯಾದ ಮೇಲೆ ಅದೇ ಹಲಗೆ, ಅದೇ ಕಂಬ ಬಿಚ್ಚಿ ಲಾರಿಗೆ ಹೇರಿಕೊಂಡು ಇನ್ನೊಂದು ಕಟ್ಟಡಕ್ಕೆ. ಊರಿನ ಅರ್ಧ ತಾರಸಿಗಳು ಅವನ ಹಲಗೆಯ ಮೇಲೆ ಮಲಗಿ ಗಟ್ಟಿಯಾದವು. ಅವುಗಳ ಕೆಳಗೆ ಫ್ಯಾನು ತಿರುಗಿಸಿಕೊಂಡು ನಿದ್ದೆ ಹೊಡೆಯುವವರಿಗೆ ಇಂಥವನೊಬ್ಬ ಇದ್ದಾನೆಂದೇ ಗೊತ್ತಿಲ್ಲ. ಅದು ಹೋಗಲಿ. ಊರಿಗೆಲ್ಲ ಸೂರು ಎತ್ತಿದವನು ತಾನು ಮಲಗುವ ಕೋಣೆಯಲ್ಲಿ ಅಂಗಿ ನೇತುಹಾಕಲು ಅಪ್ಪಣೆ ಕೇಳಬೇಕು, ಅದಕ್ಕೇನು ಹೇಳೋಣ?

ಮಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. "ಬಸ್ಸಿನ ಹೊಟ್ಟೆ ಕೆಳಗೆ ಮಲಗಿ ಮಲಗಿ ಕಟ್ಟಿದ ಮನೆ ಇದು. ಇಟ್ಟಿಗೆ ಮೂಸಿ ನೋಡಿ, ಗ್ರೀಸ್ ವಾಸನೆ ಬರುತ್ತೆ" ಎನ್ನುವುದು ಅವರ ಮಾತು. ಸುಳ್ಳೇನಲ್ಲ. ಮಗಳ ಹೆರಿಗೆಯ ಸಮಯದಲ್ಲಿ ಅಳಿಯ "ಸ್ವಲ್ಪ ದಿನ ಇರ್ತೀವಿ ಮಾವ" ಎಂದು ಟ್ರಂಕು ಇಳಿಸಿದ್ದ. ಹುಟ್ಟಿದ ಕೂಸು ಈಗ ಎರಡನೇ ಕ್ಲಾಸಿಗೆ ಹೋಗುತ್ತಿತ್ತು. ಆ ಸ್ವಲ್ಪ ದಿನ ಇನ್ನೂ ಮುಗಿದಿರಲಿಲ್ಲ.

ಕೂಸಿಗೆ ಮನೆಯಲ್ಲಿ ಮಿಡತೆ ಎಂದೇ ಹೆಸರು. ನಡೆಯುವುದೆಂದರೇನೆಂದು ಅವಳಿಗೆ ಗೊತ್ತಿರಲಿಲ್ಲ. ಅಡುಗೆಮನೆಯಿಂದ ಬಚ್ಚಲಿಗೂ ಕುಪ್ಪಳಿಸಿಕೊಂಡೇ ಹೋಗಬೇಕು.

ಒಂದು ಮಧ್ಯಾಹ್ನ ಅಳಿಯ ಅವಳನ್ನು ಸ್ಕೂಲಿಂದ ಕರೆತರುವಾಗ ದಾರಿಯಲ್ಲಿ ಹೊಸ ಕಟ್ಟಡವೊಂದು ಸಿಕ್ಕಿತು. ಮಿಡತೆ ನಿಂತಳು.

"ಅಪ್ಪ, ಇದನ್ನ ನೀನೇ ಅಲ್ವಾ ಕಟ್ಟಿದ್ದು?"

"ಹೂಂ. ಮೇಲಿನ ಮಹಡಿ ತನಕ ನಾನಿದ್ದೆ."

"ನೀನು ಮಾಡಿದ್ದು ಯಾವುದು? ತೋರಿಸು."

ಅವನು ತಲೆಯೆತ್ತಿ ನೋಡಿದ. ಬಣ್ಣ ಬಳಿದಾಗಿತ್ತು. ಕಿಟಕಿಗೆ ಗಾಜು ಬಂದಿತ್ತು. "ನಾನು ಮಾಡಿದ್ದು ಈಗಿಲ್ಲ ಕಣೇ. ಬಿಚ್ಚಿಬಿಟ್ವಿ."

"ಯಾಕೆ? ಚೆನ್ನಾಗಿರ್ಲಿಲ್ವಾ?"

"ಚೆನ್ನಾಗೇ ಇತ್ತು. ಚೆನ್ನಾಗಿದ್ರೂ ಬಿಚ್ಚಬೇಕು. ಅದೇ ಕೆಲಸ."

"ಆ ಕಡೇದು?"

"ಅದನ್ನೂ ಬಿಚ್ಚಿದ್ವಿ."

"ನಮ್ಮ ಸ್ಕೂಲಿಂದು?"

"ಅದೂ ಅಷ್ಟೇ."

ಮಿಡತೆ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. "ಹಾಗಾದ್ರೆ ನೀನು ಏನೂ ಮಾಡೇ ಇಲ್ಲ" ಎಂದು ತೀರ್ಪು ಕೊಟ್ಟು, ಮೋರಿಯ ಕಲ್ಲು ಹಾರಿ ಮುಂದೆ ಹೋದಳು.

ಮಕ್ಕಳ ಮಾತು, ನಕ್ಕು ಬಿಡಬಹುದಿತ್ತು. ಅವನಿಗೆ ನಗು ಬರಲಿಲ್ಲ. ಬೀದಿ ತಿರುವಿನ ತನಕ ನಡೆದವನು, "ನಿನಗೊಂದು ಮನೆ ಕಟ್ಟಿಕೊಡ್ತೀನಿ. ಹಿತ್ತಲ ಮಾವಿನ ಮರದ ಮೇಲೆ. ಅದನ್ನ ಯಾರೂ ಬಿಚ್ಚಲ್ಲ" ಅಂದ.

"ಯಾರೂ?"

"ಯಾರೂ."

"ತಾತ ಹೇಳಿದ್ರೂ?"

"ತಾತ ಹೇಳಿದ್ರೂ" ಅಂದುಬಿಟ್ಟ.

ರಾತ್ರಿ ಊಟಕ್ಕೆ ಕೂತಾಗ ಮಿಡತೆಯೇ ವಿಷಯ ತೆಗೆದಳು. ಮಾವ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿ ಅಳಿಯನ ಮುಖ ನೋಡಿದರು.

"ಮರದ ಮೇಲೆ ಮನೆ? ನೆಲದ ಮೇಲೆ ಒಂದು ಮಾಡ್ಕೊಳ್ಳೋಕೆ ಆಗ್ಲಿಲ್ಲ, ಮರದ ಮೇಲೆ ಮಾಡ್ತಾನಂತೆ!"

"ಅಪ್ಪಾ" ಅಂದಳು ಹೆಂಡತಿ. "ಊಟದ ಹೊತ್ತಲ್ಲಾದರೂ ಬಿಡಿ."

"ನಾನೇನು ಹಿಡ್ಕೊಂಡಿದೀನಮ್ಮಾ ಬಿಡೋಕೆ? ಇದ್ದದ್ದು ಹೇಳಿದೆ."

ಅತ್ತೆ ಮಾತಾಡುವುದೇ ಕಡಿಮೆ. ಸೌಟನ್ನು ಪಾತ್ರೆಗೆ ಸ್ವಲ್ಪ ಜೋರಾಗಿ ಬಡಿದರು, ಅಷ್ಟೇ.

"ಮಗುಗೆ ಮಾತು ಕೊಟ್ಟಿದೀನಿ ಮಾವ" ಅಂದ ಅಳಿಯ. "ರಜಾದಿನ ಮಾಡ್ತೀನಿ. ಹಲಗೆ ಸೈಟಿಂದ ತರ್ತೀನಿ. ನಿಮಗೇನೂ ತೊಂದರೆ ಇಲ್ಲ."

ಮಾವ ಎರಡು ತುತ್ತು ಉಂಡು, ನೀರು ಕುಡಿದು, ಬಾಯಿ ಒರೆಸಿಕೊಂಡು ಅಪ್ಪಣೆ ಕೊಟ್ಟರು: "ಮಾಡ್ಕೋ. ಆದ್ರೆ ನನ್ನ ಮರಕ್ಕೆ ಒಂದೇ ಒಂದು ಮೊಳೆ ಬೀಳಬಾರದು. ಬಿತ್ತೋ, ನಾನು ಸುಮ್ಮನಿರೋನಲ್ಲ."

ಕೋಣೆಗೆ ಬಂದ ಮೇಲೆ ಹೆಂಡತಿ ಹಾಸಿಗೆ ಕೊಡವುತ್ತಾ, "ಒಪ್ಕೊಂಡ್ರಲ್ಲ, ಅಷ್ಟು ಸಾಕು ಬಿಡಿ" ಅಂದಳು.

"ಒಪ್ಕೊಂಡಿದ್ದಲ್ಲ ಅದು. ಭಿಕ್ಷೆ ಹಾಕಿದ್ದು."

"ನಿಮಗೆ ಎಲ್ಲವೂ ಭಿಕ್ಷೆ ಥರಾನೇ ಕಾಣುತ್ತೆ."

"ಹಾಕಿಸ್ಕೊಳ್ಳೋನು ನಾನಲ್ವಾ? ನನಗೆ ಹಾಗೇ ಕಾಣುತ್ತೆ."

ಮೇಸ್ತ್ರಿಯನ್ನು ಕೇಳಿದರೆ, "ಮೂಲೇಲಿರೋ ಸವೆದ ಹಲಗೆ ತಗೊಂಡು ಹೋಗು ಮಾರಾಯ, ಒಲೆಗೆ ಹಾಕೋದಕ್ಕಿಂತ ವಾಸಿ" ಅಂದ. ತಳ್ಳುಗಾಡಿಯಲ್ಲಿ ಹಲಗೆ ಬಂದವು, ಕಂಬ ಬಂದವು, ಬೆಣೆಗಳ ಒಂದು ಚೀಲ ಬಂತು. ಹಲಗೆಗೆಲ್ಲ ಸಿಮೆಂಟಿನ ಚಕ್ಕೆ, ಕಾಂಕ್ರೀಟು ಅಂಟದಿರಲೆಂದು ಬಳಿದ ಹಳೆ ಎಂಜಿನ್ ಆಯಿಲ್ಲಿನ ಕಪ್ಪು.

ಮರಕ್ಕೆ ಮೊಳೆ ಹೊಡೆಯುವ ಹಾಗಿಲ್ಲ ಎಂದ ಮೇಲೆ ದಾರಿ ಒಂದೇ, ಅವನಿಗೆ ಗೊತ್ತಿದ್ದ ದಾರಿ. ಕೊಂಬೆಯ ಕೆಳಗೆ ನೆಲದಿಂದ ಕಂಬ ಎಬ್ಬಿಸಿದ. ಬುಡಕ್ಕೆ ಚಪ್ಪಡಿಕಲ್ಲು, ಕಲ್ಲಿನ ಮೇಲೆ ಬೆಣೆ. ಕಂಬಗಳ ತಲೆಗೆ ಅಡ್ಡಪಟ್ಟಿ, ಅದರ ಮೇಲೆ ಹಲಗೆ. ಮರ ಅದಕ್ಕೆ ಒರಗಿಕೊಂಡಿತ್ತೋ ಅದು ಮರಕ್ಕೆ ಒರಗಿಕೊಂಡಿತ್ತೋ ಹೇಳುವುದು ಕಷ್ಟ. ಮಾವ ಹಿಂಬಾಗಿಲ ಮೆಟ್ಟಿಲಿಗೆ ಕುರ್ಚಿ ಹಾಕಿ ಪೇಪರು ಹಿಡಿದು ಕೂತಿದ್ದರು. ಸುತ್ತಿಗೆ ಸದ್ದಾದಾಗಲೆಲ್ಲ ಪೇಪರು ಇಳಿಯುತ್ತಿತ್ತು. ಮೊಳೆ ಎಲ್ಲಿಗೆ ಹೋಯಿತೆಂದು ನೋಡಿಕೊಂಡು ಮತ್ತೆ ಏರುತ್ತಿತ್ತು.

"ಏನಯ್ಯಾ ಇದು, ಊರುಗೋಲು ಹಿಡ್ಕೊಂಡಿರೋ ಮನೆ!" ಎಂದು ಕೂಗಿದರು ಒಮ್ಮೆ. "ಮುದುಕರ ಮನೆ ಥರ ಇದೆ. ಮಿಡತೇ, ನಿನ್ನ ಮನೆಗೆ ಮಂಡಿನೋವಾ ಹೇಗೆ?"

ಮಿಡತೆ ಕೆಂಪಾದಳು. "ಇನ್ನೂ ಆಗಿಲ್ಲ ತಾತ, ಆಗ್ತಾ ಇದೆ."

ಅವಳು ಅಪ್ಪನ ಹಿಂದೆಯೇ. ಬೆಣೆ ಬೇಕೆಂದರೆ ಬೆಣೆ, ಮೊಳೆ ಬೇಕೆಂದರೆ ಮೊಳೆ. ಅವಳ ಕೈಗೆ ಹೊಂದುವಂಥ ಒಂದು ಸಣ್ಣ ಸುತ್ತಿಗೆಯನ್ನೂ ಕೊಟ್ಟಿದ್ದ. ಅವಳ ಪ್ರಶ್ನೆಗಳಿಗೆ ಕೊನೆಯಿಲ್ಲ.

"ಸೈಟಲ್ಲಿ ಈ ಕಂಬ ಎಲ್ಲ ಹೇಗೆ ತೆಗೀತಾರೆ?"

"ಮೊದಲು ಬೆಣೆ. ಬೆಣೆಗೆ ಪಕ್ಕದಿಂದ ಒಂದೇಟು ಕೊಟ್ರೆ ಕಂಬ ತಾನಾಗೇ ಸಡಿಲ ಆಗುತ್ತೆ."

"ಆಗ ಮೇಲಿಂದು ಬೀಳಲ್ವಾ?"

"ಗಟ್ಟಿಯಾಗಿರುತ್ತಲ್ಲ, ಬೀಳಲ್ಲ. ಕಂಬ ಇಲ್ದೇನೇ ನಿಲ್ಲುತ್ತೆ."

"ನಮ್ಮದು ಗಟ್ಟಿಯಾಯ್ತಾ?"

ಅವನ ಬಾಯಲ್ಲಿ ಮೊಳೆಗಳಿದ್ದವು. ಕಣ್ಣು ರಸಮಟ್ಟದ ಗುಳ್ಳೆಯ ಮೇಲಿತ್ತು. "ಆಗ್ತಿದೆ, ಆಗ್ತಿದೆ" ಅಂದ.

ಎರಡನೇ ವಾರಕ್ಕೆ ಇನ್ನೊಂದು ರಗಳೆ. ಮಿಡತೆ ಸ್ಕೂಲಿಂದ ಬಂದವಳು ಬಟ್ಟೆ ಬದಲಿಸದೆ ಹಲಗೆಯ ಮೇಲೆ ಹತ್ತಿ ಕೂತು, ಯೂನಿಫಾರಮ್ಮಿನ ಹಿಂದೆಲ್ಲ ಎಂಜಿನ್ ಆಯಿಲ್ ಮೆತ್ತಿಕೊಂಡಳು. ಹೆಂಡತಿ ಕೆಲಸ ಮಾಡುತ್ತಿದ್ದುದು ಲಾಂಡ್ರಿಯಲ್ಲಿ. ಆ ಬಟ್ಟೆಯನ್ನು ಗಂಡನ ಮುಖದ ಮುಂದೆ ಹಿಡಿದಳು.

"ಬೆಳಗಿಂದ ಸಂಜೆ ತನಕ ಊರವರ ಕಲೆ ತೆಗೆದು ಬರ್ತೀನಿ. ಮನೆಗೆ ಬಂದ್ರೆ ಇದು. ಇದೇನು ಹೋಗೋ ಕಲೆನಾ?"

"ಹಲಗೆಗೆ ಸೋಪು ಹಾಕಿ ಉಜ್ತೀನಿ."

"ಹಲಗೆ ಉಜ್ಜಿ, ಬಟ್ಟೆ ನಾನು ಉಜ್ತೀನಿ. ನಿಮಗೆ ಮರ, ನನಗೆ ಮೋರಿ."

ಬೈದಳು, ಬೈದು ಆ ರಾತ್ರಿಯೇ ಬಟ್ಟೆಗೆ ಸೀಮೆಎಣ್ಣೆ ಹಚ್ಚಿ ಉಜ್ಜಿದಳು. ಮರುದಿನ ಮನೆಗೆ ಬರುವಾಗ ಲಾಂಡ್ರಿಯಲ್ಲಿ ಯಾರೂ ವಾಪಸು ಕೇಳದ ಒಂದು ಹಳೆ ಹೂವಿನ ಪರದೆ ತಂದು, "ಕಿಟಕಿಗೆ" ಎಂದಷ್ಟೇ ಹೇಳಿ ಹಲಗೆಯ ಮೇಲೆ ಎಸೆದಳು. ಅವನು ಅಲ್ಲಿಯ ತನಕ ಕಿಟಕಿಯ ಯೋಚನೆ ಮಾಡಿರಲಿಲ್ಲ. ಆಮೇಲೆ ಒಂದು ಕಿಟಕಿ ಬಿಟ್ಟ.

ಮೂರನೇ ವಾರ ಚಾವಣಿ. ಬೆಳಗಿನ ತಿಂಡಿ ಮುಗಿಸಿ ಅವನು ಮೇಲೆ ಹತ್ತಿ, ತಗಡಿನ ಹಾಳೆಯನ್ನು ತಂತಿಯಿಂದ ಬಿಗಿಯುತ್ತಿದ್ದ. ಮಾವ ಮೆಟ್ಟಿಲ ಮೇಲೆ ಅಕ್ಕಪಕ್ಕದವರಿಗೂ ಕೇಳುವಂತೆ, "ಊರುಗೋಲಿಗೆ ಟೋಪಿ ಬೇರೆ!" ಅಂದು ಒಳಗೆ ಚಹಾ ಕುಡಿಯಲು ಹೋದರು. ಹೆಂಡತಿ ಅಡುಗೆಮನೆಯಲ್ಲಿದ್ದಳು. ಕೆಳಗೆ ಟಕ್ ಎಂದು ಸದ್ದಾಯಿತು. ಅವನು ಹಲಗೆಯ ಅಂಚಿನಿಂದ ಬಗ್ಗಿ ನೋಡಿದ. ಮಗಳ ತಲೆಯ ಬೈತಲೆ ಕಂಡಿತು. ಸಣ್ಣ ಸುತ್ತಿಗೆ ಎತ್ತಿದ್ದಳು. ಪಕ್ಕದಿಂದ, ಅವನು ಹೇಳಿಕೊಟ್ಟ ಹಾಗೆಯೇ, ಎರಡನೇ ಏಟು.

ಬೇಡ ಅನ್ನಲು ಬಾಯಿ ತೆರೆದ. ಮಾತು ಬರುವಷ್ಟರಲ್ಲಿ ಬೆಣೆ ಹೊರಗಿತ್ತು.

ಕಂಬ ಹೊರಕ್ಕೆ ಜಾರಿತು. ಒಂದರ ಹಿಂದೆ ಒಂದು ಎಲ್ಲವೂ ಅದೇ ದಿಕ್ಕಿಗೆ ವಾಲಿ, ಅವನನ್ನೂ ತಗಡನ್ನೂ ಹೊತ್ತುಕೊಂಡು ಗೋಡೆಯ ಕಡೆಗೆ ಉರುಳಿದವು. ಮಿಡತೆ ನಿಂತಿದ್ದ ಕಡೆಗೆ ಒಂದು ಚಕ್ಕೆಯೂ ಬೀಳಲಿಲ್ಲ. ಧೂಳು ಇಳಿದಾಗ ಅವಳು ಸುತ್ತಿಗೆ ಹಿಡಿದು ಅಲ್ಲೇ ನಿಂತಿದ್ದಳು. ಅವನು ಹಲಗೆಗಳ ಮೇಲೆ ಅವಳ ಬಳಿಗೆ ತೆವಳಿ ಎಡಗೈ ಚಾಚಿ ಮೊದಲು ಆ ಸುತ್ತಿಗೆಯನ್ನು ಇಸಿದುಕೊಂಡು ಹಲಗೆಗಳ ಅಡಿಗೆ ತಳ್ಳಿದ. ಬಲಗೈ ಮಣಿಕಟ್ಟು ಇರಬೇಕಾದ ಹಾಗಿರಲಿಲ್ಲ. ಅಷ್ಟರಲ್ಲಿ ಮನೆಯವರೆಲ್ಲ ಓಡಿ ಬಂದರು.

"ಏನಾಯ್ತು? ಏನಾಯ್ತ್ರೀ?"

"ಬೆಣೆ ಸರಿಯಾಗಿ ಕೊಟ್ಟಿರ್ಲಿಲ್ಲ" ಅಂದ. "ನನ್ನದೇ ತಪ್ಪು."

ಆಸ್ಪತ್ರೆಯಿಂದ ಕೈಗೆ ಪಟ್ಟಿ ಹಾಕಿಸಿಕೊಂಡು ಬಂದಾಗ ಮಾವ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಮೊಳೆ ಆರಿಸಿ ಡಬ್ಬಿಗೆ ಹಾಕುತ್ತಿದ್ದರು. ಒಂದನ್ನು ಎತ್ತಿ ಹಿಡಿದರು.

"ನೋಡಯ್ಯಾ ಇಲ್ಲಿ. ಒಂದಾದ್ರೂ ಬಗ್ಗಿದೆಯಾ? ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಬಂದಿವೆ. ಒಂದನ್ನಾದ್ರೂ ಪೂರ್ತಿ ಹೊಡೆದಿದೀಯಾ ನೀನು?"

ಅಳಿಯ ನೋಡಿದ. ಮಾವ ಹೇಳಿದ್ದು ನಿಜ. ಸೆಂಟ್ರಿಂಗಿನವರು ಮೊಳೆಯನ್ನು ಪೂರ್ತಿ ಹೊಡೆಯುವುದಿಲ್ಲ. ಬಿಚ್ಚುವಾಗ ಕೈಗೆ ಸಿಗಲೆಂದು ತಲೆ ಮೇಲೆ ಬಿಟ್ಟಿರುತ್ತಾರೆ. ಮಗಳಿಗೆ ಎಂದೂ ಬಿಚ್ಚದ ಮನೆ ಕಟ್ಟುತ್ತೇನೆಂದು ಹೊರಟವನ ಕೈ, ತನ್ನಷ್ಟಕ್ಕೆ ತಾನು, ಪ್ರತಿಯೊಂದು ಮೊಳೆಯನ್ನೂ ಬಿಚ್ಚುವುದಕ್ಕೆಂದೇ ಹೊಡೆದಿತ್ತು. ಮಗು ಒಂದು ಬೆಣೆ ತೆಗೆದದ್ದು ಹೌದು. ಆದರೆ ಗಟ್ಟಿಯಾಗಿ ಜೋಡಿಸಿದ್ದರೆ ಒಂದು ಬೆಣೆಗೆ ಇಡೀ ಮನೆ ಬೀಳುತ್ತಿತ್ತೇ? ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯದೆ ಅವನು ಒಳಗೆ ಹೋಗಿ ಮಲಗಿದ.

ಆಮೇಲಿನ ದಿನಗಳು ಉದ್ದವಾದವು. ಕೈ ಸರಿಯಾಗುವ ತನಕ ಕೆಲಸವಿಲ್ಲ. ಹೆಂಡತಿ ಲಾಂಡ್ರಿಯಲ್ಲಿ ಹೆಚ್ಚು ಹೊತ್ತು ನಿಲ್ಲತೊಡಗಿದಳು. ಅವನು ಒಂಟಿ ಕೈಯಲ್ಲಿ ಅಕ್ಕಿ ಆರಿಸಿದ, ಪಾತ್ರೆ ತೊಳೆದ, ಎರಡು ಲೋಟ ಒಡೆದ. ಬಿದ್ದ ಹಲಗೆಗಳನ್ನು ಕಾಂಪೌಂಡಿಗೆ ಒರಗಿಸಿಟ್ಟಿದ್ದರು.

"ಸೌದೆಯವನಿಗೆ ಹೇಳಿದೀನಿ, ಬಂದು ತಗೊಂಡು ಹೋಗ್ತಾನೆ" ಅಂದರು ಮಾವ.

"ಇರ್ಲಿ ಮಾವ, ಕೈ ಸರಿಯಾಗ್ಲಿ."

"ಕೈ ಸರಿಯಾದ ಮೇಲೆ? ಮತ್ತೆ ಬೀಳ್ತೀಯಾ?"

ಹೆಂಡತಿಯ ಸಿಟ್ಟು ಬೇರೆ ಥರದ್ದು. ಒಂದು ಸಂಜೆ ಅವನಿಗೆ ಅಂಗಿ ತೊಡಿಸುತ್ತಾ, ಪಟ್ಟಿ ಹಾಕಿದ ಕೈಯನ್ನು ತೋಳಿನೊಳಗೆ ತೂರಿಸುತ್ತಾ ಅಂದಳು: "ಕೆಳಗಡೆ ಅವಳಿದ್ಲು. ಆ ಕಂಬ ಈ ಕಡೆ ಬಿದ್ದಿದ್ರೆ?"

"ಬೀಳ್ಲಿಲ್ವಲ್ಲ."

"ಇಷ್ಟೇನಾ ನಿಮ್ಮ ಉತ್ತರ?"

"ಮತ್ತೇನು ಹೇಳ್ಲಿ?"

"ಅಪ್ಪನ ಮೇಲಿನ ಹಟಕ್ಕೆ ಕಟ್ಟೋಕೆ ಹೋದ್ರಿ. ಹಟದ ಅಡಿಯಲ್ಲಿ ನನ್ನ ಮಗುನ ನಿಲ್ಲಿಸಿದ್ರಿ."

ಒಂದು ಮಾತು ಹೇಳಿದರೆ ಅರ್ಧ ಭಾರ ಇಳಿಯುತ್ತಿತ್ತು. ಅವನು ಎಡಗೈಯಿಂದ ಗುಂಡಿ ಹಾಕಿಕೊಳ್ಳತೊಡಗಿದ.

ಮಿಡತೆ ನಡೆಯತೊಡಗಿದ್ದಳು. ಕುಪ್ಪಳಿಸುವುದಿಲ್ಲ, ಹಾರುವುದಿಲ್ಲ, ದೊಡ್ಡವರ ಹಾಗೆ ಒಂದು ಕಾಲು ಮುಂದೆ ಇನ್ನೊಂದು ಕಾಲು. ಹಿತ್ತಲ ಕಡೆ ಮುಖ ಹಾಕುವುದಿಲ್ಲ. ತಟ್ಟೆಯಲ್ಲಿ ಅನ್ನ ಹಾಗೇ ಉಳಿಯುತ್ತಿತ್ತು. ಅವನು ಹತ್ತಿರ ಕರೆದು, "ಮಿಡತೇ, ಅವತ್ತು ನೀನು..." ಎಂದು ಶುರುಮಾಡಿದರೆ ಸಾಕು, ಎದ್ದು ಅಜ್ಜಿಯ ಬಳಿ ಓಡುತ್ತಿದ್ದಳು.

ಹೀಗೇ ಒಂದು ದಿನ ಎಲ್ಲರೂ ಊಟಕ್ಕೆ ಕೂತಿದ್ದರು. ಅತ್ತೆ ಮೊಟ್ಟೆ ಪಲ್ಯ ಬಡಿಸುತ್ತಿದ್ದರು. ಮಿಡತೆ ತಟ್ಟೆಯ ಅಂಚಿನಲ್ಲಿ ಅನ್ನದಿಂದ ಗೆರೆ ಎಳೆಯುತ್ತಿದ್ದಳು.

"ಯಾಕಮ್ಮಾ, ಊಟ ಸೇರಲ್ವಾ?" ಅಂದರು ಮಾವ. ಆ ದಿನ ಅವರು ಖುಷಿಯಲ್ಲೇ ಇದ್ದರು. "ಸ್ಕೂಲಲ್ಲಿ ಕೇಳಿದ್ರೆ ಹೇಳು, ನಮ್ಮಪ್ಪ ಕಟ್ಟಿದ ಮನೆ ಗಾಳಿಗೆ ಹಾರಿಹೋಯ್ತು ಅಂತ."

"ಗಾಳಿಗಲ್ಲ."

ಅಷ್ಟು ಸಣ್ಣ ದನಿಯಲ್ಲಿ ಅಂದಿದ್ದಳೆಂದರೆ ಮಾವ, "ಏನು?" ಎಂದು ಬಗ್ಗಿದರು.

"ಗಾಳಿಗಲ್ಲ ತಾತ. ನಾನು ಬಿಚ್ಚಿದ್ದು. ಬೆಣೆ ನಾನು ಹೊಡೆದೆ."

ಅತ್ತೆಯ ಕೈಯಲ್ಲಿದ್ದ ಸೌಟು ಪಾತ್ರೆಯ ಮೇಲೆಯೇ ನಿಂತಿತು.

"ನೀನಾ?" ಅಂದರು ಮಾವ. "ಯಾಕೆ?"

"ನೀವು ಊರುಗೋಲು ಮನೆ ಊರುಗೋಲು ಮನೆ ಅಂತ ನಗ್ತಿದ್ರಲ್ಲ. ಅದಕ್ಕೇ ಊರುಗೋಲು ತೆಗೆದೆ. ಗಟ್ಟಿಯಾಗಿದೆ ಅಂದ್ಕೊಂಡಿದ್ದೆ." ಈಗ ಅಳು ಬಂತು, ಮೂಗು ಬಾಯಿ ಎಲ್ಲ ಒಂದಾಗಿ. "ಅಪ್ಪ ಮೇಲಿದ್ದಿದ್ದು ಗೊತ್ತಿತ್ತು. ಬೀಳಲ್ಲ ಅಂದ್ಕೊಂಡಿದ್ದೆ."

ಮಾವನ ಮುಖ ಒಂದು ಕ್ಷಣ ಬಿಳಿಚಿಕೊಂಡಿತು. ನಗೆಯಾಡಿದ್ದು ತಾನೇ ಎಂದು ಅವರಿಗೆ ತಿಳಿಯದೆ ಇರಲಿಲ್ಲ. ತಿಳಿದದ್ದನ್ನು ಎಲ್ಲರ ಮುಂದೆ ನುಂಗುವುದು ಅವರಿಗೆ ಗೊತ್ತಿರಲಿಲ್ಲ, ಅಷ್ಟೇ. ಇಂಥ ಹೊತ್ತಲ್ಲಿ ಇಂಥವರು ಮಾಡುವುದನ್ನೇ ಮಾಡಿದರು. "ಅಪ್ಪನ್ನ ಕೊಲ್ತಿದ್ಯಲ್ಲೇ! ಹೇಳ್ದೆ ಮುಚ್ಚಿಟ್ಟು ಬೇರೆ ಕೂತಿದೀಯಾ!" ಎಂದು ಅನ್ನದ ಕೈಯನ್ನೇ ಎತ್ತಿದರು.

ಕೈ ಇಳಿಯಲಿಲ್ಲ. ಅಳಿಯ ಎಡಗೈಯಿಂದ ಅದನ್ನು ಗಾಳಿಯಲ್ಲೇ ಹಿಡಿದಿದ್ದ.

"ಬಿಡೋ ಕೈ."

"ಬಿಡ್ತೀನಿ. ನೀವು ಇಳಿಸಿ."

"ನನ್ನ ಮನೇಲಿ ನನ್ನ ಕೈ ಹಿಡೀತೀಯಾ ನೀನು?"

"ಮನೆ ನಿಮ್ಮದು ಮಾವ. ಮಗಳು ನನ್ನವಳು."

ಜೋರಾಗಿ ಹೇಳಿರಲಿಲ್ಲ. ನೀರಿನ ಲೋಟ ಇತ್ತ ಕೊಡಿ ಅನ್ನುವ ದನಿಯಲ್ಲೇ ಹೇಳಿದ್ದ. ಬಸ್ಸಿನ ನಟ್ಟು ತಿರುವಿದ ಕೈ, ಹಲಗೆ ಹೊತ್ತ ಕೈ, ಎರಡೂ ಮೇಲೆಯೇ ಒಂದನ್ನೊಂದು ತಡೆದು ನಿಂತವು. ಮಾವನ ಬೆರಳಿನಿಂದ ಅನ್ನದ ಅಗುಳು ಅಳಿಯನ ಮಣಿಕಟ್ಟಿನ ಮೇಲೆ ಉದುರಿತು. ಕೊನೆಗೆ ಮಾವನ ಕೈ ಕೆಳಗಿಳಿಯಿತು. ಅವರು ತಟ್ಟೆ ಬಿಟ್ಟು ಎದ್ದು, ಕೈ ತೊಳೆಯದೆ ಹೊರಗೆ ಹೋದರು.

"ಕೂತ್ಕೊಂಡು ಉಣ್ಣಿ" ಅಂದರು ಅತ್ತೆ. "ಆರುತ್ತೆ."

ಹೆಂಡತಿ ಉಣ್ಣಲಿಲ್ಲ. ಗಂಡನನ್ನೇ ನೋಡುತ್ತಿದ್ದಳು. "ನಿಮಗೆ ಗೊತ್ತಿತ್ತಾ?"

"ಮೇಲಿಂದ ನೋಡಿದ್ದೆ."

"ಇಷ್ಟು ದಿನ ನಾನು ಬೈತಾ ಇದ್ದೆ. ಒಂದು ಮಾತು ಹೇಳ್ಬಾರ್ದಾ?"

"ಎರಡನೇ ಕ್ಲಾಸಿನ ಮಗು ಹೆಸರು ಹೇಳಿ ನಾನು ಬಚಾವಾಗ್ಲಾ?"

ಅವಳು ಅವನ ತಟ್ಟೆ ಎಳೆದುಕೊಂಡು ಅನ್ನ ಕಲಸಿಕೊಟ್ಟಳು. ಎಡಗೈಯಲ್ಲಿ ಕಲಸಲು ಅವನಿಗೆ ಬರುತ್ತಿರಲಿಲ್ಲ. ಇಷ್ಟು ದಿನ ಅದನ್ನು ಯಾರೂ ಗಮನಿಸಿರಲಿಲ್ಲ.

ಊಟವಾದ ಮೇಲೆ ಮಿಡತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡ. ಈಗ ಅವಳು ಓಡಲಿಲ್ಲ.

"ಬೆಣೆಗೆ ಪಕ್ಕದಿಂದ ಹೊಡೆದ್ಯಲ್ಲ, ಅದು ಸರಿ" ಅಂದ. "ಆದ್ರೆ ಒಂದು ಮರೆತೆ. ನಾನೂ ಹೇಳಿಕೊಟ್ಟಿರ್ಲಿಲ್ಲ. ಹೊಡೆಯೋಕೆ ಮುಂಚೆ ಕೂಗಬೇಕು. ಮೇಲೆ ಯಾರಿದೀರಾ ಅಂತ. ಉತ್ತರ ಬಂದ್ರೆ ಸುತ್ತಿಗೆ ಕೆಳಗಿಡಬೇಕು."

"ಎಷ್ಟು ಜೋರಾಗಿ ಕೂಗ್ಬೇಕು?"

"ಮೇಸ್ತ್ರಿ ಎದ್ದು ಬೀಳೋ ಅಷ್ಟು."

ಅವಳು ಅಳುತ್ತಲೇ ಒಮ್ಮೆ ಕೂಗಿ ನೋಡಿದಳು. ಚೆನ್ನಾಗಿಯೇ ಕೂಗಿದಳು.

ಮಾವ ಎರಡು ವಾರ ಅಳಿಯನ ಜೊತೆ ಮಾತಾಡಲಿಲ್ಲ. ಬೇರೆ ಹೊತ್ತಿಗೆ ಉಂಡರು. ಹೇಳಬೇಕಾದದ್ದನ್ನು ಗೋಡೆಗೆ ಹೇಳಿದರು: "ಯಾರೋ ಬಚ್ಚಲಲ್ಲಿ ನೀರು ಬಿಟ್ಟು ಬಂದಿದಾರೆ." ಆಸ್ಪತ್ರೆಯಲ್ಲಿ ಅಳಿಯನ ಕೈಯ ಪಟ್ಟಿ ಬಿಚ್ಚಿದರು. ಮಣಿಕಟ್ಟು ಬಿಳಿಚಿ, ಸಣ್ಣಗಾಗಿ, ಬೇರೆ ಯಾರದೋ ಕೈಯಂತಿತ್ತು. ಗಂಡ ಹೆಂಡತಿ ಬೇರೆ ಮನೆ ನೋಡುವ ಮಾತಾಡಿದರು. ಒಂದೆರಡು ನೋಡಿಯೂ ಬಂದರು. ಒಂದರಲ್ಲಿ ಗಾಳಿಯಿಲ್ಲ, ಇನ್ನೊಂದು ಸ್ಕೂಲಿಗೆ ದೂರ.

ಒಂದು ಬೆಳಿಗ್ಗೆ ಅವನು ಹಲಗೆಗಳ ಮುಂದೆ ನಿಂತಿದ್ದಾಗ ಅತ್ತೆ ಕಸ ಗುಡಿಸುತ್ತಾ ಅಲ್ಲಿಗೇ ಬಂದರು. ಪೊರಕೆಯ ಹಿಡಿಯನ್ನು ಕಲ್ಲಿಗೆ ಕುಟ್ಟಿ ಸರಿಮಾಡಿಕೊಳ್ಳುತ್ತಾ, ಪೊರಕೆಗೆ ಹೇಳುವಂತೆ ಹೇಳಿದರು:

"ಈ ಮರ ನೆಟ್ಟಿದ್ದು ನಾನು."

"ಮಾವ ತಮ್ಮ ಮರ ಅಂತಾರೆ."

"ಅವರು ಆಗ ಬಸ್ಸಿನ ಕೆಳಗೆ ಮಲಗಿದ್ರಲ್ಲಪ್ಪಾ, ಅವರಿಗೇನು ಗೊತ್ತು? ಓಟೆ ಹೂತಿದ್ದು ನಾನು, ನೀರು ಹಾಕಿದ್ದು ನಾನು, ಮೇಕೆ ಓಡಿಸಿದ್ದು ನಾನು. ನೀನು ಹೊಡಿ ಮೊಳೆ."

"ಮಾವನ್ನ ಕೇಳದೆ..."

"ಅವರು ಯಾವತ್ತಾದ್ರೂ ನನ್ನ ಕೇಳಿದಾರಾ?" ಎಂದು ಅತ್ತೆ ಎಲೆಗಳನ್ನು ಗುಡ್ಡೆ ಮಾಡುತ್ತಾ ಮುಂದೆ ಹೋದರು. ಅಷ್ಟು ಉದ್ದದ ಮಾತು ಅವರ ಬಾಯಿಂದ ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಈ ಸಲ ಅವನು ಅವಸರ ಮಾಡಲಿಲ್ಲ. ಗುಜರಿ ಅಂಗಡಿಯಿಂದ ಉದ್ದನೆಯ ಬೋಲ್ಟು ತಂದ. ಬಲಗೈಯಲ್ಲಿ ಇನ್ನೂ ಶಕ್ತಿಯಿರಲಿಲ್ಲ, ಹೆಂಡತಿಯೇ ಬೈರಿಗೆ ತಿರುಗಿಸಿ ಕೊಂಬೆಗೆ ತೂತು ಕೊರೆದಳು. ಎರಡು ದಪ್ಪ ಕೊಂಬೆ ಕವಲೊಡೆಯುವ ಕಡೆ, ಮೊದಲಿಗಿಂತ ತಗ್ಗಿನಲ್ಲಿ, ಮೊದಲಿಗಿಂತ ಸಣ್ಣದು. ಕೆಳಗೆ ಒಂದೂ ಕಂಬವಿಲ್ಲ. ಮೊಳೆ ಹೊಡೆಯುವಾಗ ಅವನ ಕೈ ಅರ್ಧಕ್ಕೇ ನಿಲ್ಲುತ್ತಿತ್ತು. ಪ್ರತಿಸಲವೂ ಹೆಂಡತಿ, "ಇನ್ನೂ" ಅನ್ನುತ್ತಿದ್ದಳು. ಅವನು ಮತ್ತೆ ಹೊಡೆಯುತ್ತಿದ್ದ. ಮೊದಲ ಏಟಿನ ಸದ್ದಿಗೆ ಮಾವ ಹಿಂಬಾಗಿಲಿಗೆ ಬಂದು ನಿಂತರು. ಮರಕ್ಕೆ ಇಳಿದ ಕಬ್ಬಿಣವನ್ನು ನೋಡಿದರು. ಅಡುಗೆಮನೆಯ ಕಿಟಕಿಯಲ್ಲಿದ್ದ ಅತ್ತೆಯನ್ನೂ ನೋಡಿದರು. ಅತ್ತೆ ಈರುಳ್ಳಿ ಹೆಚ್ಚುತ್ತಲೇ ಇದ್ದರು. ಮಾವ ಚಪ್ಪಲಿ ಮೆಟ್ಟಿಕೊಂಡು ವಾಕಿಂಗ್ ಹೋದರು. ಆಮೇಲೆ ಸುತ್ತಿಗೆ ಸದ್ದಾದ ದಿನವೆಲ್ಲ ಅವರದು ಉದ್ದದ ವಾಕಿಂಗೇ.

ಮನೆ ಮುಗಿದು, ಮಿಡತೆ ಪರದೆಯನ್ನೂ ಕಟ್ಟಿಕೊಂಡು ಕೆಲವು ದಿನಗಳಾದ ಮೇಲೆ, ಒಂದು ಸಂಜೆ ಅಳಿಯ ಕೆಲಸದಿಂದ ಬೇಗ ಬಂದು ನೀರಿನ ತೊಟ್ಟಿಯ ಹಿಂದೆ ಬಟ್ಟೆ ಒಗೆಯುತ್ತಿದ್ದ. ಹಿಂಬಾಗಿಲು ಸದ್ದಿಲ್ಲದೆ ತೆರೆಯಿತು. ಮಾವ ಅತ್ತಿತ್ತ ನೋಡಿದರು. ತೊಟ್ಟಿಯ ಹಿಂದೆ ನೋಡಲಿಲ್ಲ. ಏಣಿಯ ಬುಡದಲ್ಲಿ ಚಪ್ಪಲಿ ಕಳಚಿ, ಒಂದೊಂದೇ ಮೆಟ್ಟಿಲನ್ನು ಕೈಯಿಂದ ಅಲ್ಲಾಡಿಸಿ ನೋಡುತ್ತಾ ಹತ್ತಿ ಒಳಗೆ ಹೋದರು. ಹಲಗೆ ತಟ್ಟಿದ ಸದ್ದು ಕೇಳಿಸಿತು. ಬೋಲ್ಟಿನ ನಟ್ಟನ್ನು ತಿರುವಿ ನೋಡಿದ ಸದ್ದೂ ಕೇಳಿಸಿತು. ಆಮೇಲೆ ಸದ್ದಿಲ್ಲ.

ಅಷ್ಟರಲ್ಲಿ ಮಿಡತೆ ಕುಪ್ಪಳಿಸಿಕೊಂಡು ಬಂದವಳು ಚಪ್ಪಲಿ ನೋಡಿ ನಿಂತಳು.

"ಮೇಲೆ ಯಾರಿದೀರಾ?"

ಉತ್ತರವಿಲ್ಲ.

"ಮೇಲೆ ಯಾರಿದೀರಾ-ಆ-ಆ?" ಈ ಸಲ ಬೀದಿಗೇ ಕೇಳಿಸಿರಬೇಕು.

"ಇದೀನಿ ಕಣೇ, ನಾನು! ಕಿರುಚಬೇಡ."

"ತಾತಾ? ಕೇಳದೆ ಯಾಕೆ ಹತ್ತಿದ್ರಿ?"

"ಯಾರನ್ನ ಕೇಳ್ಬೇಕು?"

"ಅಪ್ಪನ್ನ."

ಅಳಿಯ ಒದ್ದೆ ಬಟ್ಟೆ ಹಿಡಿದು ಎದ್ದು ನಿಂತ. ಪರದೆ ಸ್ವಲ್ಪ ಸರಿಯಿತು, ಮಾವನ ಮುಖ ಕಂಡಿತು. ಇಬ್ಬರ ಕಣ್ಣೂ ಕೂಡಿದವು. ಮಾವ ಇಳಿದು ಬಂದುಬಿಡಬಹುದಿತ್ತು. ಏಣಿಯ ಕಡೆ ಒಮ್ಮೆ ನೋಡಿದರು ಕೂಡ. ಆಮೇಲೆ ಗಂಟಲು ಸರಿಮಾಡಿಕೊಂಡರು.

"ಏನಪ್ಪಾ... ಇಲ್ಲಿ ಒಳ್ಳೆ ಗಾಳಿ ಇದೆ. ಸ್ವಲ್ಪ ಹೊತ್ತು ಕೂರಲಾ?"

ಮಿಡತೆ ಅಪ್ಪನ ಮುಖ ನೋಡಿದಳು. ಇಷ್ಟು ವರ್ಷದಲ್ಲಿ ಒಂದು ಸಲ, ಒಂದು ಉಸಿರಿನಷ್ಟು ಹೊತ್ತು, ಅವನು ಮಾವನನ್ನು ಕಾಯಿಸಿದ.

"ಕೂತ್ಕೊಳ್ಳಿ ಮಾವ" ಅಂದು, ಬಗ್ಗಿ ಬಟ್ಟೆ ಹಿಂಡತೊಡಗಿದ. ಮಣಿಕಟ್ಟಿನಲ್ಲಿ ಇನ್ನೂ ಪೂರ್ತಿ ಬಲ ಬಂದಿರಲಿಲ್ಲ. ಅರ್ಧ ನೀರು ಬಟ್ಟೆಯಲ್ಲೇ ಉಳಿಯಿತು.